ಹೊಸ ಮೋಟಾರು ಕೊಟ್ಟು ಹಳೆಯ ಟೂ-ಸೀಟರ್ ತಂದ ಮೇಲೆ

ಕೆಲವರು ನಗೆಪಾಟಲಾಗುವುದು ಹಬ್ಬದ ಹಾಗೆ, ವರ್ಷಕ್ಕೊಮ್ಮೆ. ನನಗೆ ಅದು ಸಂತೆಯ ಹಾಗೆ, ವಾರ ವಾರವೂ. ಅದರಲ್ಲೂ ಮನೆಮಂದಿಯೆಲ್ಲ ಕೂರಬಹುದಾದ ಹೊಸ ಮೋಟಾರು ಕೊಟ್ಟು, ಇಬ್ಬರೇ ಕೂರುವ ಹಳೆಯದೊಂದನ್ನು ತಂದ ಮೇಲಂತೂ ಜನರನ್ನು ನಗಿಸಲು ನಾನೇನೂ ಮಾಡಬೇಕಾಗಿರಲಿಲ್ಲ. ಎಂಜಿನ್ ಹೊರಡಿಸುವ ಹ್ಯಾಂಡಲ್ ತಿರುವಿದರೆ ಸಾಕಿತ್ತು.

ಆಗ ಮಹಾರಾಜರ ಕಾಲ. ನಾನು ಕಡೂರಿನಲ್ಲಿ ವಕೀಲ. ತಾಲ್ಲೂಕಿನಲ್ಲಿ ಮೋಟಾರು ಎಂದರೆ ಇನ್ನೂ ಜನ ಮನೆಯಿಂದ ಹೊರಗೆ ಬಂದು ನೋಡುತ್ತಿದ್ದರು. ಆ ದೊಡ್ಡ ಕಾರನ್ನು ಆರಿಸಿದವಳು ನನ್ನ ಹೆಂಡತಿ. ನಮಗೆ ಮಕ್ಕಳಿರಲಿಲ್ಲ, ಆದರೂ “ದೊಡ್ಡದೇ ಇರಲಿ” ಅಂದಳು. ಎಲ್ಲಿಗೆ ಹೊರಟರೂ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ, “ಬನ್ರೇ, ಇನ್ನೂ ಜಾಗ ಇದೆ!” ಎಂದು ಕೂಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯವರು, ಎದುರು ಮನೆಯವರು, ಅವರ ಮಕ್ಕಳು, ಒಮ್ಮೆ ಯಾರದೋ ಮನೆಗೆ ಬಂದಿದ್ದ ನೆಂಟರ ನೆಂಟರು.

ಅವಳು ಒಂದು ಮಳೆಗಾಲ ಜ್ವರ ಹಿಡಿದು ಹೋಗಿಬಿಟ್ಟಳು. ಕರೆಯುವವಳು ಇಲ್ಲವಾದ ಮೇಲೆ ನೆರೆಯವರು ಬರಲು ಸಂಕೋಚಪಟ್ಟರು. ಕರೆಯಲು ನನಗೆ ಬರುತ್ತಿರಲಿಲ್ಲ. ಕೋರ್ಟಿನಲ್ಲಿ ನಿಲ್ಲಿಸು ಎಂದರೂ ನಿಲ್ಲದ ಬಾಯಿ, ಬೀದಿಯಲ್ಲಿ ‘ಬನ್ನಿ’ ಅನ್ನುವುದಕ್ಕೆ ಏಳುತ್ತಿರಲಿಲ್ಲ. ಎಲ್ಲಿಗೆ ಹೋದರೂ ಆ ಖಾಲಿ ಸೀಟು ಬೆನ್ನ ಹಿಂದೆಯೇ ಬರುತ್ತಿತ್ತು. ಟೂ-ಸೀಟರ್ ಆದರೆ ಖಾಲಿ ಇರುವುದು ಒಂದೇ ಸೀಟು. ನಾನು ಗಾಡಿ ಬದಲಾಯಿಸಿದ್ದಕ್ಕೆ ಕಾರಣ ಇಷ್ಟೇ. ಇದನ್ನು ಯಾರಿಗೂ ಹೇಳಲಿಲ್ಲ. ಆದ್ದರಿಂದ ಊರಿನವರು ತಮಗೆ ತೋಚಿದ ಕಾರಣ ಹೇಳಿಕೊಂಡರು.

ಗಾಡಿಯಲ್ಲಿ ಐಬು

ಟೂ-ಸೀಟರ್ ಇದ್ದದ್ದು ತರೀಕೆರೆಯ ಒಬ್ಬ ಸಾಹುಕಾರರ ಹತ್ತಿರ. ಮದುವೆಗೆ ಮುಂಚೆ ಶೋಕಿಗೆಂದು ಯಾರೋ ಕಾಫಿ ತೋಟದ ದೊರೆಯಿಂದ ಕೊಂಡಿದ್ದರಂತೆ. ಈಗ ಹೆಂಡತಿ, ಅವಳಿ ಮಕ್ಕಳು, ತಾಯಿ, ಸೋದರತ್ತೆ. ಇವರಲ್ಲಿ ಯಾರನ್ನು ಬಿಟ್ಟು ಯಾರನ್ನು ಕೂರಿಸಿದರೂ ಮನೆಯಲ್ಲಿ ಜಗಳ. “ನನ್ನ ದೊಡ್ಡ ಕಾರು ಕೊಡ್ತೀನಿ, ನಿಮ್ಮ ಚಿಕ್ಕದು ಕೊಡಿ” ಅಂದೆ. ಅವರು ಕುಣಿದಾಡುತ್ತಾರೆಂದು ನಾನು ತಿಳಿದಿದ್ದರೆ, ಅವರ ಮುಖ ಬಿಳಿಚಿಕೊಂಡಿತು.

ಬಾನೆಟ್ ಎತ್ತಿ ನೋಡಿದರು. ಟೈರಿಗೆ ಒದ್ದು ನೋಡಿದರು. ಅಕ್ಕಿ ಗಿರಣಿಯ ಮಿಸ್ತ್ರಿಯನ್ನು ಕರೆಸಿ ಕಾರಿನ ಅಡಿಯಲ್ಲಿ ಮಲಗಿಸಿದರು. ಅವನು ಎದ್ದು ಬಂದು, “ಏನೂ ಐಬಿಲ್ಲ ಸಾವ್ಕಾರ್ರೆ” ಅಂದ. ಅದನ್ನು ಕೇಳಿ ಅವರಿಗೆ ಇನ್ನೂ ದಿಗಿಲಾಯಿತು.

ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದರು. “ಬೇಜಾರು ಮಾಡ್ಕೋಬೇಡಿ ಸ್ವಾಮಿ. ಹೊಸದು ಕೊಟ್ಟು ಹಳೇದು ತಗೊಳ್ಳೋರನ್ನ ನಾನು ಕಂಡಿಲ್ಲ. ನಿಜ ಹೇಳ್ಬಿಡಿ, ಈ ಗಾಡೀಲಿ ಯಾರಾದ್ರೂ ಸತ್ತಿದಾರಾ?”

“ಇಲ್ಲ. ಗಾಡಿಯಲ್ಲಿ ಯಾರೂ ಸತ್ತಿಲ್ಲ” ಅಂದೆ. ಅಷ್ಟು ಹೇಳಿ, ಗಾಡಿಯ ಕಡೆ ನೋಡಲಾರದೆ ಮುಖ ತಿರುಗಿಸಿದೆ. ಅದನ್ನು ಕಂಡು ಸಾಹುಕಾರರ ಅನುಮಾನ ಇಮ್ಮಡಿಯಾಯಿತು.

ಅಷ್ಟು ಹೊತ್ತೂ ಜಗಲಿಯ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದ ಅವರ ತಾಯಿ ಎಲೆ ಅಡಿಕೆ ಉಗಿದು ಹೇಳಿದರು: “ತಗೊಳ್ಳೋ ಮಗಾ. ಗಾಡಿ ನೆಟ್ಟಗೇ ಇದೆ. ಕೆಟ್ಟಿರೋದು ಇವರ ತಲೆ. ಅದನ್ನ ಅವರೇ ವಾಪಸ್ಸು ತಗೊಂಡು ಹೋಗ್ತಾರೆ.”

ಉಳಿದರ್ಧ

ತರೀಕೆರೆಯಿಂದ ಬರುತ್ತಾ ಬೀರೂರಿನಲ್ಲಿ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದೆ. ಸ್ಟೇಷನ್ ಮಾಸ್ತರರು ಪರಿಚಯದವರು. ಹೊರಗೆ ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಹಳ ಗಂಭೀರವಾಗಿ ಕೇಳಿದರು: “ಉಳಿದರ್ಧ ಗೂಡ್ಸಿನಲ್ಲಿ ಬರುತ್ತಾ?”

ಮನೆಯಲ್ಲಿದ್ದವರು ನಾನು ಮತ್ತು ಅಡಿಗೆ ಭಟ್ಟರು. ಭಟ್ಟರು ಮಿತಭಾಷಿ. ದಿನಕ್ಕೆ ಅವರಾಡುತ್ತಿದ್ದುದು “ಎಲೆ ಹಾಕಿದೆ”, “ಬಾಗಿಲು ಹಾಕಿದೆ” ಎಂಬೆರಡೇ ಮಾತು. ಒಂದು ಭಾನುವಾರ ಸಂಜೆ ಮನೆಯ ಮೌನ ತಡೆಯಲಾರದೆ, “ಬನ್ನಿ ಭಟ್ಟರೇ, ಬೀರೂರಿಗೆ ಹೋಗಿ ರೈಲು ನೋಡಿಕೊಂಡು ಬರೋಣ” ಅಂದೆ. ಯಜಮಾನರ ಪಕ್ಕ ಸರಿಸಮನಾಗಿ ಹೇಗೆ ಕೂರುವುದು ಎಂದು ಅನುಮಾನಿಸಿ, ಕೊನೆಗೆ ಸೀಟಿನ ಅಂಚಿನಲ್ಲಿ, ಶ್ರಾದ್ಧದ ಮಣೆಯ ಮೇಲೆ ಕೂತ ಹಾಗೆ ಕೂತರು. ಗಾಡಿ ಹೊರಟ ಕೂಡಲೇ ಕಣ್ಣು ಮುಚ್ಚಿ ದೇವರ ನಾಮ ಹೇಳತೊಡಗಿದರು.

ನಾನು ಮಾತಿಗೆಳೆಯಲು ನೋಡಿದೆ. “ಗಾಳಿ ಎಷ್ಟು ಹಿತವಾಗಿದೆ ನೋಡಿ ಭಟ್ಟರೇ.” ದೇವರ ನಾಮ ನಡೆದೇ ಇತ್ತು. “ನಿಮ್ಮೂರ ಕಡೆ ಮಳೆ ಆಯಿತಂತಾ?” ದೇವರ ನಾಮ ಜೋರಾಯಿತು. ಬೀರೂರಿನಲ್ಲಿ ರೈಲು ಬಂದಿತು, ಹೋಯಿತು. ಭಟ್ಟರು ಕಣ್ಣು ಬಿಡಲಿಲ್ಲ. ವಾಪಸ್ಸು ಬಂದು ಮನೆಯ ಮುಂದೆ ನಿಲ್ಲಿಸಿದ ಮೇಲೆ ಕಣ್ಣು ತೆರೆದು, ಅಂಗವಸ್ತ್ರದಿಂದ ಮುಖ ಒರೆಸಿಕೊಂಡರು.

“ಭಟ್ಟರೇ, ಒಂದು ಮಾತಾದರೂ ಆಡಬಾರದಿತ್ತೇ?” ಅಂದೆ.

“ನಾನು ಮಾತಾಡ್ತಾ ಕೂತಿದ್ದರೆ ಗಾಡೀನ ನಡೆಸೋರು ಯಾರು?” ಅಂದರು.

ಒಂದು ಸೀಟು, ಇಬ್ಬರು ವಕೀಲರು

ನನ್ನ ಜೊತೆ ತರೀಕೆರೆಯ ಕೋರ್ಟಿಗೆ ಬರುತ್ತಿದ್ದವರು ಇಬ್ಬರು ಹಿರಿಯ ವಕೀಲರು, ಒಬ್ಬರು ದಪ್ಪ, ಒಬ್ಬರು ಸಣಕಲು. ದೊಡ್ಡ ಕಾರಿದ್ದಾಗ ಇಬ್ಬರೂ ಹಿಂದೆ ಕೂತು ತಮ್ಮ ತಮ್ಮಲ್ಲೇ ಹರಟುತ್ತಿದ್ದರು. ನಾನು ಅವರ ಡ್ರೈವರ್ ಎಂದೇ ತರೀಕೆರೆಯ ಅರ್ಧ ಜನ ತಿಳಿದಿದ್ದರು. ಆದರೂ ನನಗೆ ಹಿಂದಿನಿಂದ ಮನುಷ್ಯರ ದನಿ ಕೇಳುತ್ತಿದ್ದುದೇ ಸಮಾಧಾನ.

ಟೂ-ಸೀಟರ್ ತಂದ ಮೇಲೆ ಮೊದಲ ವಾಯಿದೆಯ ದಿನ ಇಬ್ಬರೂ ಮಾಮೂಲಿನಂತೆ ಬಂದರು. ಸೀಟು ಒಂದೇ ಎಂದು ಆಗಲೇ ಅವರಿಗೆ ಹೊಳೆದದ್ದು.

“ನೀವು ಕೂತ್ಕೊಳ್ಳಿ” ಅಂದರು ಸಣಕಲು ವಕೀಲರು. “ನಿಮಗೆ ಮಂಡಿ ನೋವು.”

“ಛೆ ಛೆ, ನೀವೇ ಕೂತ್ಕೊಳ್ಳಿ. ವಯಸ್ಸಿನಲ್ಲಿ ದೊಡ್ಡವರು.”

“ಎಷ್ಟು ದೊಡ್ಡವನು? ನಿಮಗಿಂತ ಎರಡು ವರ್ಷ.”

“ನನ್ನ ಮಂಡಿ ವಿಷಯ ನಾಲ್ಕು ಜನರ ಮುಂದೆ ಎತ್ತಿದೋರು ಯಾರು ಸ್ವಾಮಿ?”

ಮರ್ಯಾದೆಯಿಂದ ಶುರುವಾದದ್ದು ಮನೆತನದ ವಿಚಾರಕ್ಕೆ ಬಂದು, ಯಾವ ಕೇಸಿನಲ್ಲಿ ಯಾರು ಯಾರಿಗೆ ಮೋಸ ಮಾಡಿದರೆಂಬಲ್ಲಿಗೆ ಹೋಗಿ ಮುಟ್ಟಿತು. ನಾನು ಹ್ಯಾಂಡಲ್ ಹಿಡಿದು ನಿಂತೇ ಇದ್ದೆ. ಇಬ್ಬರೂ ಬೀದಿಯ ಒಂದೊಂದು ಪಕ್ಕ ಹಿಡಿದು ಸ್ಟೇಷನ್ನಿಗೆ ನಡೆದರು. ನಾನೊಬ್ಬನೇ ತರೀಕೆರೆ ಸೇರಿದೆ. ದಾರಿಯುದ್ದಕ್ಕೂ ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ದನಿಯಿಲ್ಲ.

ಸಂಜೆ ಇಬ್ಬರನ್ನೂ ಹೇಗಾದರೂ ಒಂದು ಮಾಡಬೇಕೆಂದು ಕೋರ್ಟಿನ ಬಾಗಿಲಲ್ಲಿ ಕಾದು ನಿಂತೆ. ನೋಡಿದರೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಾ ಬಂದರು. ಬರುವಾಗ ರೈಲಿನಲ್ಲೇ ರಾಜಿಯಾಗಿತ್ತು. ರಾಜಿಯ ಷರತ್ತು ಒಂದೇ: ತಪ್ಪೆಲ್ಲ ನನ್ನದು. ಅವರಿಬ್ಬರಿಗೂ ಜಗಳ ಹಚ್ಚುವುದಕ್ಕೆಂದೇ ನಾನು ಆ ಗಾಡಿ ತಂದೆನಂತೆ.

ಸಿಂಗಟಗೆರೆ ಅಜ್ಜಿಯ ಹುಂಜ

ಸಿಂಗಟಗೆರೆಯಿಂದ ಬರುತ್ತಿದ್ದೆ. ಸಂತೆಯ ದಿನ. ತಲೆಯ ಮೇಲೆ ಮಂಕರಿ ಹೊತ್ತ ಒಬ್ಬ ಅಜ್ಜಿ ಬಿಸಿಲಿನಲ್ಲಿ ನಡೆದು ಹೋಗುತ್ತಿದ್ದಳು. ಆ ದಿನ ಹೇಗೋ ನನ್ನ ಬಾಯಿ ಎದ್ದಿತು. ನಿಲ್ಲಿಸಿ, “ಅಜ್ಜೀ, ಕಡೂರಿಗಾ? ಹತ್ತು, ಬಿಡ್ತೀನಿ” ಅಂದೆ.

ಅಜ್ಜಿ ಗಾಡಿಯನ್ನು ಹಿಂದೆ ಮುಂದೆ ನೋಡಿದಳು. “ಇದ್ರಾಗೆ ಇನ್ಯಾರು ಬತ್ತಾರೆ?”

“ಯಾರೂ ಇಲ್ಲ. ನಾನೊಬ್ಬನೇ.”

“ಇದು ಗಂಡ ಹೆಂಡ್ರು ಕೂರೋ ಗಾಡಿ ಕಣಪ್ಪಾ. ನಾನು ಕುಂತ್ರೆ ನಿನ್ನೆಂಡ್ತಿ ಏನಂದಾಳು?”

“ಹೆಂಡತಿ ಇಲ್ಲ ಅಜ್ಜಿ. ತೀರಿಕೊಂಡಳು.”

ಅಜ್ಜಿ ಮಂಕರಿ ಇಳಿಸಿದಳು. “ಅಯ್ಯೋ ಮಗಾ” ಅಂದಳು. ನನಗೆ ಆ ಎರಡು ಮಾತನ್ನು ಅಷ್ಟು ಸರಿಯಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವಳು ತಲೆಯಾಡಿಸಿದಳು. “ಹಂಗಾರೆ ಇನ್ನೂ ಬ್ಯಾಡ. ಇದ್ದಿದ್ರೆ ಒಂದ್ ಮಾತು ಕೇಳಿ ಕುಂತ್ಕೋಬೋದಿತ್ತು.”

ನಾನು ಗಾಡಿ ಹೊರಡಿಸಬೇಕು, ಅಷ್ಟರಲ್ಲಿ ತಡೆದಳು. ಮಂಕರಿಯಲ್ಲಿದ್ದ ಹುಂಜವನ್ನು ತೆಗೆದು, ಕಾಲು ಕಟ್ಟಿದ್ದಂತೆಯೇ ಪಕ್ಕದ ಸೀಟಿನ ಮೇಲೆ ಕೂರಿಸಿದಳು. “ಇದು ಬತ್ತದೆ. ಇದುಕ್ಕೇನು ಮಾನ ಮರ್ಯಾದೆ. ಸಂತೆ ಬಾಗ್ಲಲ್ಲಿ ಹಿಡ್ಕೊಂಡಿರು, ನಾನು ಬತ್ತೀನಿ.”

ಹುಂಜ ದಾರಿಯುದ್ದಕ್ಕೂ ಕೂಗಿತು. ಗಾಡಿ ಎತ್ತಿ ಹಾಕಿದರೆ ಕೂಗು, ಹಳ್ಳ ಇಳಿದರೆ ಕೂಗು. ನಾನೂ ಒಂದೆರಡು ಮಾತು ಆಡಿದೆ. ಸುಳ್ಳೇಕೆ ಹೇಳಲಿ, ಬಹಳ ದಿನದ ಮೇಲೆ ನನ್ನ ಮಾತಿಗೆ ಪಕ್ಕದ ಸೀಟಿನಿಂದ ಉತ್ತರ ಬರುತ್ತಿತ್ತು. ಸಂತೆ ಬಾಗಿಲಲ್ಲಿ ಕೋಟು ಹಾಕಿ, ತಲೆಗೆ ರುಮಾಲು ಸುತ್ತಿ, ಹುಂಜ ಹಿಡಿದು ನಿಂತ ವಕೀಲನನ್ನು ಕಕ್ಷಿಗಾರರೆಲ್ಲ ನೋಡಿಕೊಂಡು ಹೋದರು. ಇಬ್ಬರು ರೇಟು ಕೇಳಿದರು. ಕೊನೆಗೆ ಅಜ್ಜಿ ಬಂದಳು.

“ಏನಪ್ಪಾ, ಸುಮ್ಕೆ ಕುಂತಿತ್ತಾ?”

“ಎಲ್ಲಿ ಸುಮ್ಮನಿತ್ತು ಅಜ್ಜಿ, ಉದ್ದಕ್ಕೂ ಕೂಗ್ತಾನೇ ಇತ್ತು.”

ಅಜ್ಜಿ ಕಣ್ಣರಳಿಸಿದಳು. “ಮನೇಲಿ ಬಾಯೇ ಬಿಡಾಕಿಲ್ಲ ಕಣಪ್ಪಾ ಇದು! ಅದ್ಕೇ ಮಾರಾಕೆ ತಂದಿದ್ದು. ವಕೀಲ್ರ ಪಕ್ಕ ಕುಂತು ಮಾತು ಕಲ್ತ್ಬಿಟ್ಟದೆ ನೋಡು.”

ಸರ್ಕಾರಿ ದನ

ಒಂದು ಗಡಿ ತಕರಾರಿನ ಜಮೀನು ನೋಡಲು ಎಮ್ಮೆದೊಡ್ಡಿಯ ಕಡೆ ಹೋಗಿದ್ದೆ. ಸೆಕೆಯೆಂದು ಗಾಡಿಯ ಟಾಪು ಮಡಚಿದ್ದೆ. ರುಮಾಲು ತೆಗೆದು ಪಕ್ಕದ ಸೀಟಿನ ಮೇಲಿಟ್ಟಿದ್ದೆ. ದನ ಮೇಯುವ ಕಾವಲಿನ ನಡುವೆ ಬರುತ್ತಿದ್ದಾಗ ಅಮೃತಮಹಲ್ ದನಗಳ ಹಿಂಡು ಎದುರಾಯಿತು. ಎಂಜಿನ್ ನಿಂತುಹೋಯಿತು. ಕೊಂಬುಗಳ ನಡುವೆ ನಾನು ನಡುನೀರಿನಲ್ಲಿ ದೋಣಿ ಸಿಕ್ಕಿಕೊಂಡವನ ಹಾಗಾದೆ.

ದನ ಕಾಯುವವನು ಕೋಲೂರಿಕೊಂಡು ನಿಧಾನವಾಗಿ ಬಂದ. “ಅಳ್ಳಾಡಬ್ಯಾಡಿ ಸ್ವಾಮಿ. ಅವು ಇದನ್ನ ನೀರಿನ ತೊಟ್ಟಿ ಅಂದ್ಕೊಂಡವೆ. ನೀರಿಲ್ಲ ಅಂತ ಗೊತ್ತಾದ್ರೆ ಅವೇ ಹೋಯ್ತವೆ.”

ಅವು ಹೋಗುವವರೆಗೆ ಅವನು ಮಡ್‌ಗಾರ್ಡಿನ ಮೇಲೆ ಕೂತ. ಗಂಟು ಬಿಚ್ಚಿ ರಾಗಿ ರೊಟ್ಟಿ, ಈರುಳ್ಳಿ ತೆಗೆದ. ಅರ್ಧ ನನ್ನ ಕೈಗಿಟ್ಟ.

“ಒಬ್ರೇನಾ?” ಅಂದ.

“ಒಬ್ಬನೇ.”

“ನಾನೂ ಒಬ್ನೇಯ. ತಿಂಗಳುಗಟ್ಲೆ ಇವುಗಳ ಕೂಡೇ ಮಾತು.”

“ಬೇಜಾರಾಗಲ್ವಾ?”

“ಆಯ್ತದೆ. ಆದ್ರೆ ಒಂದು ಅನುಕೂಲ ಸ್ವಾಮಿ, ಇವು ಏನು ಹೇಳಿದ್ರೂ ಇನ್ನೊಬ್ರಿಗೆ ಹೇಳಾಕಿಲ್ಲ.”

ಅಂದು ಅವನ ಹತ್ತಿರ ನಾನು ಯಾರಿಗೂ ಹೇಳದ್ದನ್ನು ಹೇಳಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಹೇಗೆ ಕರೆಯುತ್ತಿದ್ದಳು ಎಂದು ಹೇಳಿದೆ, ಕೂಗಿಯೂ ತೋರಿಸಿದೆ. ಅವನು ರೊಟ್ಟಿ ಜಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಇಬ್ಬರೂ ಹೀಗೆ ಮೈಮರೆತಿರುವಾಗ ಅವನು ಒಮ್ಮೆಲೇ ನೆಗೆದೆದ್ದ. “ಅಯ್ಯಯ್ಯೋ ಸ್ವಾಮೀ, ನಿಮ್ ರುಮಾಲು!”

ಒಂದು ಬಿಳಿ ಹಸು ಕತ್ತು ಒಳಕ್ಕೆ ಚಾಚಿ ಶಾಂತವಾಗಿ ಅಗಿಯುತ್ತಿತ್ತು. ಬಾಯಿಂದ ಜರಿಯ ಅಂಚು ಮಾತ್ರ ಹೊರಗೆ ಇಳಿಬಿದ್ದಿತ್ತು. ಎಳೆದರೆ ಅದೂ ಒಳಗೆ ಹೋಯಿತು.

ನನಗಿದ್ದ ಒಳ್ಳೆಯ ರುಮಾಲು ಅದೊಂದೇ. ಮಾರನೆಯ ದಿನ ತಾಲ್ಲೂಕಿನ ಅಮಲ್ದಾರರ ಕಚೇರಿಯಲ್ಲಿ ಕೇಸಿತ್ತು. ಬರಿತಲೆಯಲ್ಲಿ ಒಳಗೆ ಕಾಲಿಟ್ಟ ನನ್ನನ್ನು ಕಂಡು ಅಮಲ್ದಾರರು ಹುಬ್ಬು ಗಂಟಿಕ್ಕಿದರು. “ಏನ್ರೀ ಇದು ಅವತಾರ? ರುಮಾಲು ಎಲ್ಲಿ?”

“ಎಮ್ಮೆದೊಡ್ಡಿ ಕಾವಲಿನಲ್ಲಿ ದನ ತಿಂದುಬಿಟ್ಟಿತು, ಸ್ವಾಮಿ.”

“ಕಾವಲಿನ ದನ ಅಂದರೆ ಸರ್ಕಾರಿ ದನ” ಅಂದರು ಅವರು, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ. “ಮಾತು ನೋಡಿಕೊಂಡು ಆಡಿ. ಸರ್ಕಾರ ತಿನ್ನೋದಿಲ್ಲ. ಜಪ್ತಿ ಮಾಡುತ್ತೆ.”

ಕಾರಿನ ಕಡೆಯವನು

ಅಜ್ಜಂಪುರದ ನನ್ನ ಕಕ್ಷಿಗಾರರೊಬ್ಬರ ಮಗಳ ಮದುವೆ. ಹುಡುಗಿ ಓದಿ, ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವಳು. ಹುಡುಗ ಬೀರೂರಿನಲ್ಲಿ ರೈಲ್ವೆ ಗುಮಾಸ್ತ. ಸಂಜೆಯ ಮೆರವಣಿಗೆಗೆ ನನ್ನ ಗಾಡಿ ಬೇಕೆಂದರು. ಹೆಂಡತಿ ಹೋದ ಮೇಲೆ ನಾನು ಮದುವೆ ಮನೆಗಳಿಗೆ ಕಾಲಿಟ್ಟಿರಲಿಲ್ಲ. ಇಲ್ಲವೆನ್ನಲಾರದೆ ಹೋದೆ. ಗಾಡಿಗೆ ಸೇವಂತಿಗೆ ಹೂವು, ಮಾವಿನೆಲೆ ಕಟ್ಟಿದರು. ಆಮೇಲೆ ಲೆಕ್ಕ ತಪ್ಪಿತು. ಗಂಡು ಒಂದು, ಹೆಣ್ಣು ಒಂದು, ಗಾಡಿ ನಡೆಸುವ ನಾನೊಬ್ಬ.

“ಹೆಣ್ಣು ಪರಗಂಡಸಿನ ಪಕ್ಕ ಕೂರೋದಾ? ಆಗಲ್ಲ” ಅಂದರು ಹೆಣ್ಣಿನ ಕಡೆಯವರು.

“ಗಂಡು ವಕೀಲರ ಪಕ್ಕ ಕೂತರೆ ಮೆರವಣಿಗೆ ಅಲ್ಲ, ಜೈಲಿಗೆ ಕರ್ಕೊಂಡು ಹೋದ ಹಾಗಿರುತ್ತೆ” ಅಂದರು ಗಂಡಿನ ಕಡೆಯವರು.

ಓಲಗದವರು ನಾಗಸ್ವರ ಕೆಳಗಿಟ್ಟು ಕೂತರು. ಕೊನೆಗೆ ಹುಡುಗಿಯ ಸೋದರಮಾವ ಉಪಾಯ ಹೇಳಿದರು. ಗಾಡಿಗೆ ಎತ್ತು ಕಟ್ಟುವುದು. ಗಂಡು ಹೆಣ್ಣು ಇಬ್ಬರೂ ಸೀಟಿನ ಮೇಲೆ ಕೂರುವುದು, ಗಂಡು ಸುಮ್ಮನೆ ಸ್ಟಿಯರಿಂಗ್ ಹಿಡಿದಿರುವುದು. ಕರಿಮಣ್ಣಿನ ಹೊಲ ಉಳುವ ಭರ್ಜರಿ ಜೋಡಿಯನ್ನು ತಂದು ಮುಂದೆ ಹಗ್ಗದಿಂದ ಬಿಗಿದರು. ನಾನು ಹುಡುಗನಿಗೆ ಪಾಠ ಹೇಳಿದೆ.

“ಇದು ಬ್ರೇಕು. ನಿಲ್ಲಬೇಕಾದರೆ ತುಳೀರಿ.”

“ಇದೇನು ಸಾರ್, ಈ ರಬ್ಬರ್ ಚೆಂಡು?”

“ಅದು ಹಾರನ್ನು. ಏನು ಬೇಕಾದರೂ ಮಾಡಿ, ಅದನ್ನ ಮಾತ್ರ ಮುಟ್ಟಬೇಡಿ.”

ಹುಡುಗ ತಲೆಯಾಡಿಸಿದ. ಹುಡುಗಿ ತಲೆ ಬಗ್ಗಿಸಿ ಕೂತಿದ್ದಳು. ಬೆಳಗ್ಗೆ ತಾಳಿ ಕಟ್ಟಿದಾಗಿನಿಂದ ಅವರಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಸುತ್ತ ಅಷ್ಟು ಜನ ಕಾವಲಿರುವಾಗ ಆಡುವುದಾದರೂ ಹೇಗೆ?

ಮೆರವಣಿಗೆ ಹೊರಟಿತು. ನನ್ನ ಗಾಡಿಯ ಹಿಂದೆ ನಾನೇ ನಡೆದು ಹೋಗುತ್ತಿದ್ದೆ. ಸುತ್ತ ಹೆಂಗಸರು, ಮಕ್ಕಳು, ಹೂವಿನ ವಾಸನೆ. ಯಾರೋ ನನ್ನ ಕೈಗೆ ಒಂದು ಮಗು ಕೊಟ್ಟು, “ಸ್ವಲ್ಪ ಹಿಡ್ಕೊಳ್ಳಿ” ಅಂದು ಮುಂದೆ ಹೋದರು. ಪಕ್ಕದಲ್ಲಿ ನಡೆಯುತ್ತಿದ್ದ ಮುದುಕಿಯೊಬ್ಬರು ನನ್ನನ್ನು ದಿಟ್ಟಿಸಿ, “ಗುರ್ತು ಹತ್ತಲಿಲ್ಲ. ನೀವು ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?” ಅಂದರು.

“ಕಾರಿನ ಕಡೆ ತಾಯಿ” ಅಂದೆ.

“ಹಾಗಾದ್ರೆ ಊಟ ಮಾಡ್ದೆ ಹೋಗ್ಬೇಡಿ” ಅಂದರು.

ಕೆರೆಯ ಕಡೆಗೆ ಇಳಿಜಾರು ಬಂತು. ಅಲ್ಲಿ ಹುಡುಗನಿಗೆ ಏನನ್ನಿಸಿತೋ, ಹಾರನ್ನು ಒತ್ತಿಬಿಟ್ಟ. ‘ಪೋಂ!’ ಆ ಎತ್ತುಗಳು ಹುಟ್ಟಿದ ಮೇಲೆ ತಮ್ಮ ಬಾಲದ ಹಿಂದೆ ಅಂಥ ಸದ್ದು ಕೇಳಿರಲಿಲ್ಲ. ಬಾಲ ನಿಗುರಿಸಿ ಓಡಿದವು ನೋಡಿ! ಓಲಗದವರು ಒಂದು ಕಡೆ ಹಾರಿದರು, ಪುರೋಹಿತರು ಒಂದು ಕಡೆ. ಹಗ್ಗ ಕಳಚಿಕೊಂಡಿತು. ಎತ್ತುಗಳು ಎಡಕ್ಕೆ ಹೋದವು. ಗಾಡಿ ತನ್ನ ಪಾಡಿಗೆ ತಾನು ಬಲಕ್ಕೆ ಉರುಳಿ, ಕಣದಲ್ಲಿದ್ದ ಜೋಳದ ಸೊಪ್ಪೆಯ ಬಣವೆಯೊಳಕ್ಕೆ ನುಗ್ಗಿತು. ಬಣವೆ ಮೆಲ್ಲಗೆ ಕುಸಿದು ಗಾಡಿಯನ್ನು ಮುಚ್ಚಿಕೊಂಡಿತು.

ಎಲ್ಲರೂ ಓಡಿದೆವು. ನಾನು ಮಗುವನ್ನು ಎತ್ತಿಕೊಂಡೇ ಓಡಿದೆ. ಬೆಳಗ್ಗೆ ತಾನೇ ಗಂಡ ಹೆಂಡತಿ ಆದವರು. ಅವರಿಗೇನಾದರೂ ಆಗಿದ್ದರೆ ನಾನು ಹೇಗೆ ಬದುಕಲಿ? ಹುಡುಗಿಯ ತಾಯಿ ಅಳುತ್ತಿದ್ದರು. ಬಣವೆಯಿಂದ ಸದ್ದೇ ಇಲ್ಲ. ಹುಡುಗನ ತಂದೆ ಕೂಗಿದರು: “ಬದುಕಿದೀಯೇನೋ ಮಗಾ? ಮಾತಾಡೋ!”

ಸೊಪ್ಪೆಯ ಒಳಗೆ ಯಾರೋ ಕಿಸಕ್ಕನೆ ನಕ್ಕ ಹಾಗಾಯಿತು. ಆಮೇಲೆ ಹುಡುಗಿಯ ದನಿ, ಸಣ್ಣಗೆ, ಆದರೆ ಊರಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ ಬಂತು:

“ಯಾರೂ ನೋಡ್ತಿಲ್ಲ ಕಣ್ರೀ. ಇನ್ನೊಂದ್ಸಲ ಒತ್ತಿ.”

‘ಪೋಂ!’